ಆರಿಸಿ ತಂದ ಮಾದರಿ

ನಮ್ಮಕ್ಕ ಇಪ್ಪತ್ತಾರು ವರ್ಷ ಮಾಡಿದ ಕೆಲಸವನ್ನು ಯಾರಿಗಾದರೂ ವಿವರಿಸುವುದೆಂದರೆ ನನಗೆ ತಲೆನೋವು. ಟೀಚರ್ ಅಂದರೆ ಪಾಠ ಹೇಳುತ್ತಾರೆ, ನರ್ಸ್ ಅಂದರೆ ಸೂಜಿ ಚುಚ್ಚುತ್ತಾರೆ, ಎಲ್ಲರಿಗೂ ಅರ್ಥವಾಗುತ್ತದೆ. ನಮ್ಮಕ್ಕ ಗೊಬ್ಬರದ ಕಾರ್ಖಾನೆಯ ಪ್ರಯೋಗಾಲಯದಲ್ಲಿ ಒಂದು ಕಬ್ಬಿಣದ ಒಲೆಯ ಮುಂದೆ ಎತ್ತರದ ಸ್ಟೂಲಿನ ಮೇಲೆ ಕೂತು, ಏನೂ ಆಗುತ್ತಿಲ್ಲ ಎಂಬುದನ್ನು ನೋಡುತ್ತಿದ್ದಳು. ಆಮೇಲೆ ಏನೂ ಆಗಲಿಲ್ಲ ಎಂದು ಬರೆದು ಸಹಿ ಹಾಕುತ್ತಿದ್ದಳು. ಅದಕ್ಕೇ ಅವಳಿಗೆ ಸಂಬಳ.

ನಮ್ಮ ಕಾರ್ಖಾನೆಯ ಸರಕು ಅಮೋನಿಯಂ ನೈಟ್ರೇಟ್. ಸಬ್ಬಕ್ಕಿಯಷ್ಟು ದಪ್ಪದ ಬಿಳಿ ಕಾಳು. ಒಂಟಿಯಾಗಿಯೂ ಮಾರುತ್ತಾರೆ, ಬೇರೆ ಲವಣ ಬೆರೆಸಿಯೂ ಮಾರುತ್ತಾರೆ. ತಂಪಾಗಿ, ಚೊಕ್ಕಟವಾಗಿ ಇಟ್ಟರೆ ತನ್ನ ಪಾಡಿಗೆ ಬಿದ್ದಿರುವ ಸಾಧು ವಸ್ತು. ಮೂವತ್ತೆರಡು ಡಿಗ್ರಿ ದಾಟಿದರೆ ಮೈ ಉಬ್ಬಿಸಿಕೊಳ್ಳುತ್ತದೆ, ಇಳಿದರೆ ಕುಗ್ಗುತ್ತದೆ, ನಾಲ್ಕು ದಿನ ಹೀಗೆ ಆಡಿದರೆ ಚೀಲಕ್ಕೆ ಚೀಲವೇ ಕಲ್ಲಾಗುತ್ತದೆ. ನನ್ನಂಥವರಿಗೆ ಗೊತ್ತಿದ್ದದ್ದು ಅಷ್ಟೇ. ಅಕ್ಕನಿಗೆ ಗೊತ್ತಿದ್ದದ್ದು ಬೇರೆ. ಅದಕ್ಕೆ ಎಣ್ಣೆಯೋ ಮರದ ಹೊಟ್ಟೋ ತುಕ್ಕೋ ಸೇರಿತು ಅಂದರೆ ಅದು ತಡೆದುಕೊಳ್ಳುವ ಬಿಸಿ ಇಳಿದುಬಿಡುತ್ತದೆ. ರಾಶಿಯ ಯಾವುದೋ ಮೂಲೆ ತಾನೇ ತಾನಾಗಿ ಬಿಸಿಯಾಗತೊಡಗುತ್ತದೆ. ಕೆಲವು ಮಿಶ್ರಣಗಳಂತೂ ಉರಿಯೇ ಕಾಣದೆ, ಸೊಳ್ಳೆಬತ್ತಿಯ ಹಾಗೆ ಒಳಗೊಳಗೇ ಸರಿಯುತ್ತ ಹೋಗಿ ಕಂದು ಹೊಗೆ ಕಾರುತ್ತವೆ. ಅದಕ್ಕೂ ಮುಂದೆ ಹೋದರೆ ಏನಾಗುತ್ತದೆ ಎಂದು ನಾನು ಕೇಳಿದರೆ ಅವಳು ಹೇಳುತ್ತಿರಲಿಲ್ಲ. "ಊಟ ಮಾಡು," ಅನ್ನುತ್ತಿದ್ದಳು.

ಅವಳ ಪರೀಕ್ಷೆ ನೋಡುವುದಕ್ಕೆ ಸಪ್ಪೆ. ಎರಡು ಗಾಜಿನ ಕೊಳವೆ. ಒಂದರಲ್ಲಿ ಗೋದಾಮಿನ ರಾಶಿಯಿಂದ ತಂದ ಮಾದರಿ, ಇನ್ನೊಂದರಲ್ಲಿ ಯಾವ ಬಿಸಿಗೂ ಜಗ್ಗದ ಒಂದು ಬಿಳಿ ಪುಡಿ. ಎರಡನ್ನೂ ಒಂದೇ ಒಲೆಯೊಳಗಿಟ್ಟು ನಿಧಾನವಾಗಿ ಬಿಸಿ ಏರಿಸಬೇಕು. ಕೊಳವೆಗಳೊಳಗೆ ಇಳಿಸಿದ ತಂತಿಗಳು ಹೇಳಿದ್ದನ್ನು ಎರಡು ಪೆನ್ನುಗಳು ಕಾಗದದ ಸುರುಳಿಯ ಮೇಲೆ ಗೆರೆಯಾಗಿ ಎಳೆಯುತ್ತವೆ. ಎರಡು ಗೆರೆಯೂ ಒಟ್ಟಿಗೇ ಹೋದರೆ ಒಳ್ಳೆಯದು. ಮಾದರಿಯ ಗೆರೆ ಬೇಗನೆ ಮೇಲಕ್ಕೆ ಅಗಲಿಹೋದರೆ ಅದು ತನ್ನ ಸ್ವಂತ ಬಿಸಿ ಹುಟ್ಟಿಸಿಕೊಳ್ಳುತ್ತಿದೆ ಎಂದು ಅರ್ಥ. ಒಂದು ಪರೀಕ್ಷೆಗೆ ಹೆಚ್ಚುಕಡಿಮೆ ಒಂದು ಪಾಳಿಯೇ ಬೇಕು. ಕೊನೆಗೆ ಪ್ರಮಾಣಪತ್ರದಲ್ಲಿ ಎರಡು ಪದ: ಬದಲಾವಣೆ ಇಲ್ಲ. ಆ ಕಾಗದದ ನಂಬಿಕೆಯ ಮೇಲೆ ಸರಕು ಲಾರಿ ಹತ್ತುತ್ತಿತ್ತು, ಎಲ್ಲೆಲ್ಲಿಯದೋ ಗೋದಾಮು ಸೇರುತ್ತಿತ್ತು.

ನಾನು ಅದೇ ಕಾರ್ಖಾನೆಯ ಶೆಡ್ಡಿನಲ್ಲಿ ಚೀಲದ ಬಾಯಿ ಹೊಲಿಯುವವಳು. ನಾವಿಬ್ಬರೂ ಇರುವುದು ಒಂದು ಸೈಕಲ್ ರಿಪೇರಿ ಅಂಗಡಿಯ ಮೇಲಿನ ಎರಡು ಕೋಣೆಯಲ್ಲಿ. ನನ್ನ ಗಂಡ ಇದ್ದಾನೆ, ಆದರೆ ಲೆಕ್ಕಕ್ಕಿಲ್ಲ. ಅಕ್ಕ ಮದುವೆಯಾಗಲಿಲ್ಲ. ಅಪ್ಪ ಹೋದಾಗ ಅವಳಿಗೆ ಇಪ್ಪತ್ತೆರಡು. ಅಮ್ಮನ ಕಾಯಿಲೆ, ನನ್ನ ಓದು, ಓದು ತಲೆಗೆ ಹತ್ತದ ಮೇಲೆ ನನ್ನ ಮದುವೆ, ಮದುವೆ ಮುರಿದ ಮೇಲೆ ನನ್ನ ಕೆಲಸ, ಎಲ್ಲ ಅವಳ ತಲೆಯ ಮೇಲೆ ಬಂತು. ಅವಳು ಒಂದು ದಿನವೂ ನಮ್ಮ ಮೇಲೆ ಹಂಗಿನ ಮಾತಾಡಲಿಲ್ಲ. ಆದರೆ ಮುಖ ಮಾತ್ರ ಯಾವಾಗಲೂ ಗಂಟು. ಕಾರ್ಖಾನೆಯವರು ಅವಳನ್ನು ಬಿಸಿ ಮೇಡಂ ಅನ್ನುತ್ತಿದ್ದರು. ಅರ್ಧ ಒಲೆಯ ಕಾರಣಕ್ಕೆ, ಅರ್ಧ ಆ ಮುಖದ ಕಾರಣಕ್ಕೆ. ಅದು ಸಿಟ್ಟಲ್ಲ, ಬರೀ ದಣಿವು ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ನಾನೂ ರೇಗಿಸುತ್ತಿದ್ದೆ.

"ನಿನ್ನ ಮುಖ ನೋಡಿದ್ರೆ ಆ ಒಲೇನೇ ಆರಿಹೋಗುತ್ತೆ ಕಣೇ ಅಕ್ಕ," ಅನ್ನುತ್ತಿದ್ದೆ.

"ಆರದೆ ಇದ್ರೆ ಸಾಕು. ಆರಿದ್ರೆ ಮತ್ತೆ ಮೊದಲಿಂದ ಕೂರಬೇಕು," ಅನ್ನುತ್ತಿದ್ದಳು. ತಮಾಷೆಗೂ ಅವಳಲ್ಲಿ ಕೆಲಸದ ಉತ್ತರವೇ ಇರುತ್ತಿತ್ತು.

ರಾಶಿಯಿಂದ ಮಾದರಿ ತರುವವನು ಸೌಟಣ್ಣ. ಉದ್ದ ಹಿಡಿಯ ಕಬ್ಬಿಣದ ಸೌಟನ್ನು ಹೆಗಲ ಮೇಲಿಟ್ಟುಕೊಂಡು ಗೋದಾಮಿನಿಂದ ಗೋದಾಮಿಗೆ ಓಡಾಡುತ್ತಿದ್ದುದರಿಂದ ಆ ಹೆಸರು. ಐವತ್ತು ದಾಟಿದ ಸಣಕಲು ಮನುಷ್ಯ. ನಮ್ಮ ಕಾರ್ಖಾನೆಯಲ್ಲಿ ಅಂಗಿಗೆ ಇಸ್ತ್ರಿ ಹಾಕಿಕೊಂಡು ಬರುತ್ತಿದ್ದ ಒಬ್ಬನೇ ಕೂಲಿ. ಅವನು ತರುವ ಬಾಟಲಿಗಳು ಹೊಳೆಯುತ್ತಿದ್ದವು, ಮೇಲಿನ ಚೀಟಿ ಒಂದು ಕೂದಲಷ್ಟೂ ಓರೆಯಾಗುತ್ತಿರಲಿಲ್ಲ. ಒಂಬತ್ತು ವರ್ಷದಲ್ಲಿ ಅವನ ಮಾದರಿಯ ಬಗ್ಗೆ ಅಕ್ಕ ಒಂದು ದೂರು ಹೇಳಿದ್ದು ನಾನು ಕೇಳಿಲ್ಲ. ಹೊಗಳಿದ್ದೂ ಕೇಳಿಲ್ಲ ಅನ್ನಿ. "ಅವರದ್ದು ಚೊಕ್ಕ ಕೆಲಸ," ಎಂದು ಒಮ್ಮೆ ಮನೆಯಲ್ಲಿ ಅಂದಿದ್ದಳು. ಅದನ್ನು ನಾನು ಸೌಟಣ್ಣನಿಗೆ ದಾಟಿಸಿದಾಗ ಅವನು ಇಡೀ ವಾರ ಬೀಗಿದ್ದ.

ಅಕ್ಕ ನಿವೃತ್ತಿಯಾಗುವುದಕ್ಕೆ ಎರಡು ತಿಂಗಳು ಉಳಿದಿದ್ದಾಗ ಸೌಟಣ್ಣ ಸೈಕಲ್ಲಿನಿಂದ ಬಿದ್ದು ಬಲಗೈ ಮಣಿಕಟ್ಟು ಮುರಿದುಕೊಂಡ. ಮೂರು ವಾರ ಪ್ಲಾಸ್ಟರು. ಹಿಂದಿನ ಗೋದಾಮಿನಲ್ಲಿ ನಾನೂರು ಟನ್ನಿನ ಮಿಶ್ರಣದ ರಾಶಿ ಹೊರಡುವುದಕ್ಕೆ ಕಾದಿತ್ತು. ನಮ್ಮ ಶೆಡ್ಡಿನ ಮೇಸ್ತ್ರಿ ನನ್ನ ಕಡೆ ಬೆರಳು ಮಾಡಿದ.

"ಹೇಗೂ ನಿಮ್ಮಕ್ಕನಿಗೇ ತಾನೆ. ನೀನೇ ತುಂಬಿಕೊಂಡು ಹೋಗಿ ಕೊಡು."

ನಾನು ಯಾವುದನ್ನೂ ಆರಿಸಿ ಹೆಕ್ಕುವ ಜಾಯಮಾನದವಳಲ್ಲ. ಬೇಳೆಯಲ್ಲಿ ಕಲ್ಲಿದ್ದರೆ ಹಲ್ಲಿಗೆ ಸಿಕ್ಕಾಗ ಉಗಿಯುತ್ತೇನೆ. ಸೌಟು ಚುಚ್ಚಿದೆ, ಐದು ಕಡೆ ಅಂದಿದ್ದರು ಐದು ಕಡೆ ಎಳೆದೆ, ಬಾಟಲಿಗೆ ಸುರಿದೆ, ಚೀಟಿ ಅಂಟಿಸಿದೆ, ಪ್ರಯೋಗಾಲಯದ ಮೇಜಿನ ಮೇಲೆ ಕುಕ್ಕಿ ಬಂದೆ. ಒಟ್ಟು ಹತ್ತು ನಿಮಿಷದ ಕೆಲಸ. ಇಷ್ಟಕ್ಕೆ ಸೌಟಣ್ಣ ಅರ್ಧ ದಿನ ಕಳೆಯುತ್ತಾನಲ್ಲ ಎಂದು ಮನಸ್ಸಿನಲ್ಲೇ ಬೈದುಕೊಂಡೆ.

ಮಾರನೆಯ ದಿನ ಮಧ್ಯಾಹ್ನ ಅಕ್ಕ ನನ್ನನ್ನು ಕರೆಸಿದಳು. ಮೇಜಿನ ಮೇಲೆ ಎರಡು ಸುರುಳಿ ಬಿಚ್ಚಿಟ್ಟಿದ್ದಳು. ಒಂದು ನಿನ್ನೆಯದು, ಇನ್ನೊಂದು ಅನುಮಾನ ಬಂದು ಅದೇ ಬಾಟಲಿಯಿಂದ ಬೆಳಿಗ್ಗೆ ಬೇಗ ಬಂದು ಮತ್ತೆ ಮಾಡಿದ್ದು. ಎರಡರಲ್ಲೂ ಜೊತೆಜೊತೆಗೆ ಬರುತ್ತಿದ್ದ ಗೆರೆಗಳು ಅರ್ಧ ದಾರಿಗೆ ಬೇರೆಯಾಗಿದ್ದವು. ಒಂದು ತನ್ನ ಪಾಡಿಗೆ ಹೋಗಿತ್ತು, ಇನ್ನೊಂದು ಕಡಿದಾಗಿ ಮೇಲೆ ಹತ್ತಿತ್ತು. ಅವಳು ಅಲ್ಲಿಗೇ ಒಲೆ ಆರಿಸಿದ್ದಳು.

"ಏನು ತಂದೆ ನೀನು?"

"ರಾಶಿಲಿ ಇದ್ದಿದ್ದು ತಂದೆ."

"ಇದರಲ್ಲಿ ಮರದ ಹೊಟ್ಟಿದೆ. ಎಣ್ಣೆ ಹಿಡಿದಿದೆ."

"ಇರುತ್ತೆ. ಎರಡು ತಿಂಗಳ ಹಿಂದೆ ಕಾಳು ಸಾಗಿಸೋ ಪಟ್ಟಿಯ ಮೋಟಾರಿಂದ ಎಣ್ಣೆ ಸೋರಿ ನೆಲವೆಲ್ಲ ಜಾರ್ತಿತ್ತಲ್ಲ. ಹೊಟ್ಟು ಸುರಿದು ಗುಡಿಸಿದ್ವಿ. ಗುಡಿಸಿದ್ದನ್ನ ರಾಶಿಗೇ ಹಾಕಿದ್ವಿ."

"ರಾಶಿಗ್ಯಾಕೆ ಹಾಕಿದ್ರಿ?"

"ಚೆಲ್ಲಿದ ಕಾಳು ವೇಸ್ಟ್ ಮಾಡ್ಬಾರ್ದು ಅಂತ ಬೋರ್ಡೇ ಇದೆಯಲ್ಲ, ಇಷ್ಟು ದಪ್ಪ ಅಕ್ಷರದಲ್ಲಿ."

ಅಕ್ಕ ಬೈಯುತ್ತಾಳೆ ಎಂದು ಕಾದೆ. ಅವಳು ಬೈಯಲಿಲ್ಲ. ಕಪಾಟು ತೆಗೆದು, ಹಳೆಯ ಬಾಟಲಿಗಳ ಸಾಲಿನಿಂದ ಒಂದೊಂದೇ ತೆಗೆದು ಕಿಟಕಿಯ ಬೆಳಕಿಗೆ ಹಿಡಿದಳು.

"ಈ ಎರಡು ತಿಂಗಳಲ್ಲಿ ಇದೇ ರಾಶಿದು ಆರು ಮಾದರಿ ನೋಡಿದೀನಿ," ಅಂದಳು. "ನೋಡು. ಒಂದರಲ್ಲೂ ಒಂದು ಕಪ್ಪು ಚುಕ್ಕೆ ಇಲ್ಲ."

ನಾನು ಬಾಟಲಿಗಳನ್ನು ನೋಡಿದೆ. ಆಮೇಲೆ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು.

ಅಂದು ಸಂಜೆ ಪಾಳಿ ಮುಗಿದ ಕೂಡಲೇ ಸೌಟಣ್ಣನ ಮನೆಗೆ ಹೋದೆವು. ಒಂದೇ ಕೋಣೆಯ ಮನೆ, ಕನ್ನಡಿಯ ಹಾಗೆ ಒರೆಸಿಟ್ಟ ನೆಲ. ಬಿಸಿ ಮೇಡಂ ತಾವಾಗೇ ತನ್ನ ಮನೆಗೆ ಬಂದಿದ್ದಾರೆ ಎಂದು ಅವನಿಗೆ ಎಲ್ಲಿಲ್ಲದ ಸಂಭ್ರಮ. ಪ್ಲಾಸ್ಟರು ಹಾಕಿದ ಕೈಯನ್ನು ಎದೆಗವಚಿಕೊಂಡೇ ಕುರ್ಚಿ ಎಳೆದ. ಅವನ ಹೆಂಡತಿ ಚಹಾ ತಂದಿಟ್ಟಳು. ಅಕ್ಕ ಲೋಟ ಮುಟ್ಟಲಿಲ್ಲ.

"ಮಾದರಿ ಹೇಗೆ ತಗೋತೀರಿ ಅಂತ ಹೇಳಿ. ಮೊದಲಿಂದ," ಅಂದಳು.

ಅವನು ಹೇಳಿದ. ಐದು ಕಡೆ ಸೌಟು ಹಾಕುವುದು, ತಟ್ಟೆಗೆ ಸುರಿಯುವುದು, ಕಲಸುವುದು. ಎಲ್ಲ ಸರಿಯಾಗಿಯೇ ಇತ್ತು. ಆಮೇಲೆ ಗೋದಾಮಿನ ಹಿಂದಿನ ಮೆಟ್ಟಿಲ ಮೇಲೆ ಬೆಳಕು ಚೆನ್ನಾಗಿರುತ್ತದೆ, ಅಲ್ಲಿ ಬಿಳಿ ಕಾಗದ ಹಾಸಿಕೊಂಡು ಕೂರುತ್ತಾನಂತೆ.

"ಕೂತು?"

"ಆರಿಸ್ತೀನಿ ಮೇಡಂ. ಕಪ್ಪುಗಿಪ್ಪು, ಹೊಟ್ಟು, ಚೀಲದ ನೂಲು, ತುಕ್ಕಿನ ಚೂರು. ಬಣ್ಣ ತಿರುಗಿರೋ ಕಾಳು ಕೂಡ ತೆಗೆದುಬಿಡ್ತೀನಿ. ಒಂದೂ ಬಿಡಲ್ಲ. ಅದಕ್ಕೇ ನಂಗೆ ಹೊತ್ತಾಗೋದು." ಅವನ ಮುಖದಲ್ಲಿ ಹೆಮ್ಮೆ ಇತ್ತು. "ನೀವೇ ಹೇಳಿದ್ರಲ್ಲ ಮೇಡಂ, ನಾನು ಬಂದ ಮೊದಲನೇ ವಾರ. ಈ ಕಸಾನೆಲ್ಲ ನಂಗೆ ತಂದುಕೊಡ್ಬೇಡಿ, ಆರಿಸಿ ತನ್ನಿ ಅಂತ."

ಅಕ್ಕ ಆರಿದ ಚಹಾವನ್ನು ಒಂದೇ ಗುಟುಕಿಗೆ ಕುಡಿದು ಎದ್ದಳು. ಕೈ ಹೇಗಿದೆ ಎಂದು ಅವನನ್ನು ಕೇಳಿದಳು. ತಾನು ಏನು ತಪ್ಪು ಮಾಡಿದೆನೋ ಎಂಬ ಗಾಬರಿ ಅವನ ಮುಖದಲ್ಲಿ ಆಗ ಶುರುವಾಯಿತು, ಆದರೆ ಅವಳು ಏನೂ ಹೇಳದೆ ಹೊರಬಂದಳು.

ಬಸ್ ಸ್ಟಾಪಿನ ಬೆಂಚಿನ ಮೇಲೆ ಕೂತಾಗ ಅವಳಿಗೆ ನೆನಪಾಯಿತು. ಒಂಬತ್ತು ವರ್ಷದ ಹಿಂದೆ ಅಮ್ಮ ಆಸ್ಪತ್ರೆಯಲ್ಲಿದ್ದಳು. ಅಕ್ಕ ಪಾಳಿ ಮುಗಿಸಿ ಆಸ್ಪತ್ರೆಗೆ, ಅಲ್ಲೇ ಬೆಂಚಿನ ಮೇಲೆ ನಿದ್ದೆ, ಮತ್ತೆ ಪಾಳಿಗೆ. ಹೊಸದಾಗಿ ಬಂದ ಕೂಲಿಯವನು ಬಾಟಲಿ ತಂದಿಟ್ಟ. ಅದರಲ್ಲಿ ಹಕ್ಕಿಯ ಒಂದು ಪುಕ್ಕ ಇತ್ತಂತೆ. ಸೇದಿ ಎಸೆದ ಬೀಡಿಯ ತುಂಡೂ ಇತ್ತಂತೆ. ಅವಳಿಗೆ ರೇಗಿಹೋಯಿತು. ಒಂದು ಮಾತು ಅಂದಳು, ಕೊಳವೆ ತುಂಬಿಸಿದಳು, ಮರೆತಳು.

"ಬೀಡಿ ತುಂಡು ಗೋದಾಮಿನೊಳಗೆ ಹೇಗೆ ಬಂತು ಅಂತ ಕೇಳ್ಬೇಕಿತ್ತು ಕಣೆ ನಾನು," ಅಂದಳು. "ಅದು ಬಿಟ್ಟು ಇದನ್ನ ಹೇಳ್ದೆ."

"ಅವನಿಗೆ ಬುದ್ಧಿ ಬೇಡ್ವಾ? ಅಕ್ಕಿ ಆರಿಸೋ ಹಾಗೆ ಕೂತು ಆರಿಸಿದಾನಲ್ಲ."

"ಅವರಿಗೆ ಯಾಕೆ ಬೈತೀಯ. ಹೇಳಿದ್ದನ್ನ ಮಾಡಿದ್ರು. ಯಾರೂ ಮಾಡದಷ್ಟು ಚೆನ್ನಾಗಿ ಮಾಡಿದ್ರು."

ಒಂಬತ್ತು ವರ್ಷ. ವಾರಕ್ಕೆ ಎರಡರಂತೆ ಒಂಬೈನೂರು ಚಿಲ್ಲರೆ ಪ್ರಮಾಣಪತ್ರ. ಅದರಲ್ಲಿ ಎಷ್ಟು ಸರಿಯಿದ್ದವು, ಎಷ್ಟು ತಪ್ಪಿದ್ದವು ಎಂದು ಇನ್ನು ಯಾರಿಂದಲೂ ಹೇಳಲಾಗದು. ಅವಳು ಪರೀಕ್ಷಿಸಿದ್ದು ಸೌಟಣ್ಣನ ಕಾಗದದ ಮೇಲೆ ಉಳಿದ ಬಿಳಿ ಕಾಳನ್ನು. ಲಾರಿ ಹತ್ತಿದ್ದು ರಾಶಿ.

ನನಗೆ ಅವಳ ಮೇಲೆ ಎಷ್ಟು ಮರುಕ ಬಂತೋ ಅಷ್ಟೇ ಭಯವೂ ಆಯಿತು. "ನೋಡು, ಇವತ್ತಿನ ರಿಪೋರ್ಟ್ ಕೊಡು," ಅಂದೆ. "ರಾಶಿ ಕೆಟ್ಟಿದೆ ಅಂತ ಬರಿ, ಅವರು ತೆಗೆಸ್ತಾರೆ. ಸೌಟಣ್ಣನಿಗೆ ಇನ್ಮೇಲೆ ಆರಿಸ್ಬೇಡ ಅಂತ ನಾನು ಹೇಳ್ತೀನಿ. ಹಳೇದು ಕೆದಕ್ಬೇಡ. ಎರಡು ತಿಂಗಳು ಕಳೆದ್ರೆ ಮನೇಲಿ ಕಾಲು ಚಾಚಿ ಮಲಗ್ತೀಯ. ಇಪ್ಪತ್ತಾರು ವರ್ಷದ ಹೆಸರು ಯಾಕೆ ನೀನೇ ಕೈಯಾರೆ ಹಾಳು ಮಾಡ್ಕೋತೀಯ?"

"ಮೊದಲು ರಾಶಿ," ಅಂದಳು ಅಕ್ಕ. ಹಳೆಯದರ ಬಗ್ಗೆ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ.

ಮಾರನೆಯ ಬೆಳಿಗ್ಗೆ ಮ್ಯಾನೇಜರ್ ಕೋಣೆಗೆ ಹೋದೆವು. ಮಾದರಿ ತಂದವಳು ಅಂತ ನನ್ನನ್ನೂ ಕರೆದಿದ್ದರು. ಮ್ಯಾನೇಜರ್ ಕೆಟ್ಟವರೇನಲ್ಲ. ತಲೆಗೆ ಬಣ್ಣ ಹಚ್ಚಿಕೊಂಡು, ಕಣ್ಣ ಕೆಳಗೆ ಚೀಲ ಜೋತುಬಿದ್ದ, ಎಲ್ಲ ಕಡೆಯಿಂದ ಬೈಸಿಕೊಂಡು ಬದುಕುವ ಮನುಷ್ಯ. ಸುರುಳಿ ನೋಡಿದರು, ನನ್ನನ್ನು ನೋಡಿದರು.

"ಇವರು ಚೀಲ ಹೊಲಿಯೋರಲ್ವಾ?"

"ಹೌದು."

"ಮೇಡಂ, ಈ ರಾಶಿದು ಆರು ಮಾದರಿಗೆ ನೀವೇ ಬದಲಾವಣೆ ಇಲ್ಲ ಅಂತ ಸಹಿ ಹಾಕಿದೀರ. ಏಳನೇದು ಕೆಲಸ ಗೊತ್ತಿಲ್ಲದವರು ತಂದಿದ್ದು. ಸೌಟಿಗೆ ಏನಂಟಿತ್ತೋ, ಬಾಟಲಿಲಿ ಏನಿತ್ತೋ. ನಮ್ಮ ಮಾದರಿಯವರು ಬರ್ಲಿ. ಹತ್ತೋ ಹದಿನೈದೋ ದಿನ. ಅವರ ಕೈಲಿ ಮತ್ತೆ ತೆಗೆಸೋಣ."

ನನಗೆ ಮೈಯೆಲ್ಲ ಉರಿಯಿತು. ಆದರೆ ಅವರ ಮಾತಲ್ಲಿ ತಪ್ಪು ಹುಡುಕಲು ನನ್ನಿಂದಾಗಲಿಲ್ಲ. ಆ ರಾಶಿಯ ಬೆನ್ನಿಗೆ ಒಣಗಿಸುವ ಮನೆಯ ಗೋಡೆ, ಗೋಡೆಯುದ್ದಕ್ಕೂ ಹಬೆಯ ಕೊಳವೆ. ಹತ್ತು ದಿನ ಅದು ಹಾಗೇ ಇರುತ್ತದೆ. ಹತ್ತು ದಿನವಾದ ಮೇಲೆ ಸೌಟಣ್ಣ ಬಂದು, ಬಿಳಿ ಕಾಗದ ಹಾಸಿ ಚೊಕ್ಕಟವಾಗಿ ಆರಿಸಿ ಕೊಡುತ್ತಾನೆ. ಗೆರೆಗಳು ಜೊತೆಯಾಗಿ ಹೋಗುತ್ತವೆ. ಅವನಿಗೆ ಗುಟ್ಟಾಗಿ ಹೇಳಿ ಆರಿಸದಂತೆ ಮಾಡಿದರೂ ಅದು ಹತ್ತು ದಿನ ಆದ ಮೇಲೆ.

ಅಕ್ಕ ನಿಂತೇ ಇದ್ದಳು. ಕುರ್ಚಿ ಇತ್ತು, ಕೂರಲಿಲ್ಲ.

"ಸರ್, ಏಳನೇದೇ ಸರಿಯಾದದ್ದು. ಮೊದಲಿನ ಆರು ತಪ್ಪು," ಅಂದಳು. "ಅದರಲ್ಲಿದ್ದ ಕಸ ಆರಿಸಿ ತೆಗೆದಿದ್ರು. ಬರೀ ಆ ಆರಲ್ಲ. ಒಂಬತ್ತು ವರ್ಷದಿಂದ ನನಗೆ ಬಂದ ಎಲ್ಲ ಮಾದರೀನೂ ಆರಿಸಿದ್ದೇ."

ಮ್ಯಾನೇಜರ್ ಕನ್ನಡಕ ತೆಗೆದರು. "ಯಾರು ಆರಿಸೋಕೆ ಹೇಳಿದ್ದು?"

"ನಾನು."

"ಯಾಕೆ?"

ಅಮ್ಮ, ಆಸ್ಪತ್ರೆ, ಬೆಂಚು, ಪುಕ್ಕ ಎಲ್ಲ ಹೇಳುತ್ತಾಳೆ ಎಂದುಕೊಂಡೆ. ಅವಳು ಹೇಳಿದ್ದು ಇಷ್ಟು: "ಯೋಚನೆ ಮಾಡದೆ ಒಂದು ಮಾತು ಅಂದೆ. ಆಮೇಲೆ ಯಾವತ್ತೂ ರಾಶಿ ಹತ್ರ ಹೋಗಿ ನೋಡಲಿಲ್ಲ."

"ಒಂಬತ್ತು ವರ್ಷ ತಪ್ಪಾಗಿದ್ದವರನ್ನ ಇವತ್ತು ಯಾವ ಧೈರ್ಯದ ಮೇಲೆ ನಂಬಲಿ ಹೇಳಿ," ಅಂದರು ಮ್ಯಾನೇಜರ್. ಅದು ಚುಚ್ಚುಮಾತಾಗಿರಲಿಲ್ಲ. ನಿಜಕ್ಕೂ ಕೇಳುತ್ತಿದ್ದರು.

"ನನ್ನ ನಂಬಬೇಡಿ ಸರ್. ನೀವೇ ಬನ್ನಿ. ನಿಮ್ಮ ಕಣ್ಣೆದುರಿಗೇ ತೆಗೆಯೋಣ. ಮಾದರಿ ಬಿಡಿ, ರಾಶಿಯೊಳಗಿನ ಬಿಸಿ ಅಳೀರಿ."

ಮ್ಯಾನೇಜರ್ ಬಂದರು. ಉದ್ದನೆಯ ಕಡ್ಡಿ ಥರ್ಮಾಮೀಟರುಗಳನ್ನು ರಾಶಿಗೆ ಚುಚ್ಚಿಸಿದರು. ಮುಂದೆ, ಮಧ್ಯೆ, ಎಡಕ್ಕೆ ಎಲ್ಲ ಕಡೆಯೂ ಹೊರಗಿನ ಗಾಳಿಯಷ್ಟೇ ಬಿಸಿ. ಗೋಡೆಯ ಕಡೆಯ ಮೂಲೆಯಲ್ಲಿ ಚುಚ್ಚಿದ್ದನ್ನು ಓದಿದವನು ಮತ್ತೊಮ್ಮೆ ಓದಿದ. ಒಂದು ಗಂಟೆ ಬಿಟ್ಟು ಓದಿದಾಗ ಇನ್ನೂ ಏರಿತ್ತು. ಗೋಡೆಗಿಂತಲೂ ಬಿಸಿಯಾಗಿತ್ತು. ಅಲ್ಲಿಯವರೆಗೂ ಮುಖದಲ್ಲಿ ಅನುಮಾನ ಇಟ್ಟುಕೊಂಡಿದ್ದ ಮ್ಯಾನೇಜರ್ ಆಮೇಲೆ ಒಂದು ಕ್ಷಣ ತಡಮಾಡಲಿಲ್ಲ. ಹಬೆ ನಿಲ್ಲಿಸಿದರು, ಒಣಗಿಸುವ ಮನೆ ಖಾಲಿ ಮಾಡಿಸಿದರು, ಅಗ್ನಿಶಾಮಕ ದಳಕ್ಕೆ ಫೋನು ಮಾಡಿದರು. ದಳದವರು ಆ ಮೂಲೆಯನ್ನು ನೀರಲ್ಲಿ ಮುಳುಗಿಸಿದರು. ಮೂಲೆ ತಣ್ಣಗಾಯಿತು ಎಂದು ಖಾತ್ರಿಯಾದ ಮೇಲೆ ಉಳಿದದ್ದನ್ನು ನಾವು ಸ್ವಲ್ಪ ಸ್ವಲ್ಪವೇ ತೆಗೆದು ನೀರಿನ ತೊಟ್ಟಿಗೆ ಹಾಕಿ ಕರಗಿಸಿದೆವು. ಐದು ದಿನ ಹಿಡಿಯಿತು. ನನ್ನ ಸೊಂಟ ಬಿದ್ದುಹೋಯಿತು.

ಏನೂ ಆಗಲಿಲ್ಲ. ಹೊಗೆ ಬರಲಿಲ್ಲ, ಯಾರಿಗೂ ಒಂದು ಗುಳ್ಳೆ ಏಳಲಿಲ್ಲ. ಹಾಗಾಗಿ ಕಾರ್ಖಾನೆಯಲ್ಲಿ ಅದನ್ನು ಯಾರೂ ದೊಡ್ಡ ವಿಷಯ ಮಾಡಲಿಲ್ಲ. ದೊಡ್ಡ ವಿಷಯವಾದದ್ದು ಒಂಬತ್ತು ವರ್ಷ. ಮೇಲಿನ ಕಚೇರಿಯಿಂದ ಮೂವರು ಬಂದರು, ಅಕ್ಕನ ಹೇಳಿಕೆ ಬರೆಸಿಕೊಂಡರು. ಅದರಲ್ಲಿ ಅವಳು ಸೌಟಣ್ಣನ ಹೆಸರೇ ಎತ್ತಲಿಲ್ಲ, 'ನನ್ನ ಸೂಚನೆಯಂತೆ ಆರಿಸಲಾಗಿದೆ' ಎಂದಷ್ಟೇ ಬರೆದಳು. ಸರಕು ಹೋದ ಎಲ್ಲ ಗೋದಾಮಿಗೂ ಪತ್ರ ಹೋಯಿತು. ಉಳಿದಿದ್ದರೆ ಮತ್ತೆ ಪರೀಕ್ಷೆ ಮಾಡಿಸಿ, ಬಿಸಿಯಿಂದ ದೂರ ಇಡಿ, ನಮ್ಮ ಪ್ರಮಾಣಪತ್ರ ಲೆಕ್ಕಕ್ಕೆ ಹಿಡಿಯಬೇಡಿ. ಕೊನೆಗೆ ಅಕ್ಕನಿಗೆ ಒಂದು ಕೆಲಸ ಕೊಟ್ಟರು. ಒಂಬೈನೂರು ಚಿಲ್ಲರೆ ಪ್ರತಿಗಳ ಮೇಲೂ 'ರದ್ದು' ಎಂಬ ಕೆಂಪು ಮೊಹರು ಒತ್ತಿ, ಅದರ ಕೆಳಗೆ ಅವಳೇ ಸಹಿ ಹಾಕಬೇಕು. ಒಲೆಯ ಕೆಲಸಕ್ಕೆ ಬೇರೆಯವರು ಬಂದರು. ಸೌಟಣ್ಣನನ್ನು ಗೇಟಿನ ಕಾವಲಿಗೆ ಹಾಕಿದರು.

ಸೇವೆಯ ಕೊನೆಯ ದಿನಗಳನ್ನು ನಮ್ಮಕ್ಕ ಹೀಗೆ ಕಳೆದಳು. ಕಾಗದ ಎಳೆಯುವುದು, ಮೊಹರು ಒತ್ತುವುದು, ಸಹಿ ಹಾಕುವುದು, ಪಕ್ಕಕ್ಕೆ ಇಡುವುದು. ನನ್ನ ಊಟದ ಬಿಡುವಿನಲ್ಲಿ ಹೋಗಿ ಜೊತೆಗೆ ಕೂರುತ್ತಿದ್ದೆ. ಯಾರೂ ಅವಳನ್ನು ಬೈಯಲಿಲ್ಲ, ಮಾತೂ ಆಡಿಸಲಿಲ್ಲ. ನನಗೆ ಅಳು ಬರುತ್ತಿತ್ತು. ಅವಳ ಕಣ್ಣು ಒಣಗಿಯೇ ಇತ್ತು.

"ನಾನು ಹೇಳಿದ್ದು ಕೇಳಿದ್ರೆ ಇದೆಲ್ಲ ಇತ್ತಾ," ಅಂದೆ ಒಂದು ದಿನ.

"ಅವರು ನಂಬ್ತಿರಲಿಲ್ಲ."

"ರಾಶಿ ಬಿಸಿ ಅಳೀರಿ ಅಂತ ಮೊದಲೇ ಹೇಳ್ಬಹುದಿತ್ತು. ಹಳೇ ವಿಷಯ ಎತ್ತಬೇಕಾಗೇ ಇರಲಿಲ್ಲ."

ಅಕ್ಕ ಮೊಹರನ್ನು ಶಾಯಿಗೆ ಒತ್ತಿದಳು. "ಹೇಳ್ಬಹುದಿತ್ತು," ಅಂದಳು. "ಬೇರೆ ಗೋದಾಮುಗಳಲ್ಲಿ ಬಿಸಿ ಅಳೀರಿ ಅಂತ ಯಾರು ಹೇಳ್ತಿದ್ರು?"

ಪತ್ರಗಳಿಗೆ ಉತ್ತರ ಬರತೊಡಗಿದವು. ಹೆಚ್ಚಿನವು ಒಂದೇ ಸಾಲಿನವು, ಸರಕು ಖರ್ಚಾಗಿದೆ, ಏನೂ ತೊಂದರೆಯಾಗಿಲ್ಲ ಎಂದು. ಒಂದು ಮಾತ್ರ ಒಂದೂವರೆ ಪುಟ ಇತ್ತು. ನಾಲ್ಕು ವರ್ಷದ ಹಿಂದೆ ಅವರ ಗೋದಾಮಿನ ಒಂದು ಮೂಲೆಯಲ್ಲಿ ಕಂದು ಹೊಗೆ ಎದ್ದಿತ್ತಂತೆ. ಚೀಲ ಹೊರುವ ಒಬ್ಬ ಒಳಗೆ ಸಿಕ್ಕಿಕೊಂಡಿದ್ದ. ಬದುಕಿದ, ಆದರೆ ಎದೆ ಕೆಟ್ಟುಹೋಯಿತು, ಮತ್ತೆ ಕೆಲಸಕ್ಕೆ ಬರಲಾಗಲಿಲ್ಲ. ನಿಮ್ಮ ಪ್ರಮಾಣಪತ್ರ ಚೊಕ್ಕವಾಗಿದ್ದುದರಿಂದ ನಾವು ಸರಕಿನ ಮೇಲೆ ಅನುಮಾನಪಡಲಿಲ್ಲ, ಅವನೇ ಒಳಗೆ ಬೀಡಿ ಸೇದಿರಬೇಕೆಂದು ತೀರ್ಮಾನಿಸಿದೆವು ಎಂದು ಬರೆದಿದ್ದರು. ಅಕ್ಕ ಅದನ್ನು ನನಗೆ ಓದಿ ಹೇಳಿದಳು. ಓದಿ ಮುಗಿಸಿ ಬಹಳ ಹೊತ್ತು ಎರಡೂ ಕೈಯಲ್ಲಿ ಮೇಜಿನ ಅಂಚು ಹಿಡಿದುಕೊಂಡಿದ್ದಳು. ಮಧ್ಯಾಹ್ನ ಮ್ಯಾನೇಜರಿಗೆ ಒಂದು ಕಾಗದ ಬರೆದು, ಆ ಕೂಲಿಯವನದು ತಪ್ಪಿಲ್ಲ ಎಂದು ಕಾರ್ಖಾನೆ ತಿಳಿಸಬೇಕೆಂದು ಕೇಳಿದಳು. ಅದಕ್ಕೂ ಅವಳೇ ಸಹಿ ಹಾಕಿದಳು.

ಎರಡು ದಿನ ಕಳೆದು ಸೌಟಣ್ಣ ಪ್ರಯೋಗಾಲಯಕ್ಕೆ ಬಂದ. ಪ್ಲಾಸ್ಟರು ತೆಗೆದಿದ್ದರು, ಕೈ ಒಣಗಿದ ಕಡ್ಡಿಯಂತಾಗಿತ್ತು. ಗೇಟಿನವರ ಖಾಕಿ ಅಂಗಿ, ಅದಕ್ಕೂ ಇಸ್ತ್ರಿ ಹಾಕಿದ್ದ. ನಾನು ಅಲ್ಲೇ ಊಟದ ಡಬ್ಬಿ ಬಿಚ್ಚಿ ಕೂತಿದ್ದೆ.

"ಕೂತ್ಕೊಳ್ಳಿ," ಅಂದಳು ಅಕ್ಕ.

ಅವನು ಕೂರಲಿಲ್ಲ. "ಮೇಡಂ, ನೀವು ಬರೆದುಕೊಟ್ಟಿರೋದ್ರಲ್ಲಿ ನನ್ನ ಹೆಸರೇ ಇಲ್ವಂತೆ."

"ನಿಮ್ಮ ತಪ್ಪಿಲ್ಲ. ಅದಕ್ಕೆ ಬರೀಲಿಲ್ಲ."

"ಇದೆ ಮೇಡಂ." ಅವನು ಬಾಗಿಲ ಕಡೆ ನೋಡಿಕೊಂಡ. "ಆರಿಸ್ತಾ ಆರಿಸ್ತಾ ಒಂದ್ಸಲ ನನಗೇ ಅನ್ನಿಸಿತ್ತು. ಒಂದು ರಾಶಿಲಿ ಹೊಟ್ಟು ತುಂಬಾನೇ ಇತ್ತು. ಇಷ್ಟು ಕಸ ಇರೋದನ್ನ ಮೇಡಂಗೆ ಹೇಳ್ಬೇಕೇನೋ, ಇದೂ ಅವರಿಗೆ ಬೇಕಾಗಿರುತ್ತೇನೋ ಅಂತ. ಆರಿಸಿದ್ದನ್ನೆಲ್ಲ ಕಾಗದದಲ್ಲಿ ಕಟ್ಟಿಕೊಂಡು ಇಲ್ಲೀವರೆಗೂ ಬಂದೆ."

"ಯಾವಾಗ?"

"ನನ್ನ ದೊಡ್ಡ ಮಗಳು ಮದುವೆಯಾದ ವಾರ. ಆರು ವರ್ಷ ಆಯ್ತು."

ಅಕ್ಕನ ಕೈ ಮೊಹರಿನ ಮೇಲೆ ನಿಂತಿತು. ಮೇಜಿನ ಮೇಲೆ ಎರಡು ಕಟ್ಟು ಇದ್ದವು. ರದ್ದಾದ ಮೊದಲ ಮೂರು ವರ್ಷದ್ದು ಅವಳ ಎಡಕ್ಕೆ. ಅದರ ಎರಡರಷ್ಟು ಎತ್ತರದ್ದು ಇನ್ನೂ ಬಲಕ್ಕೆ ಬಾಕಿ ಇತ್ತು. ನಾನು ಲೆಕ್ಕ ಹಾಕಿದೆ. ಅವಳೂ ಹಾಕಿರುತ್ತಾಳೆ. ಹೊಗೆ ಎದ್ದದ್ದು ನಾಲ್ಕು ವರ್ಷದ ಹಿಂದೆ.

"ಒಳಗೆ ಯಾಕೆ ಬರಲಿಲ್ಲ?" ಅಂದಳು.

"ಇದೇ ಸ್ಟೂಲ್ ಮೇಲೆ ಕೂತಿದ್ರಿ. ಹಣೆಗೆ ಕೈ ಹಚ್ಚಿಕೊಂಡು ಕಣ್ಣು ಮುಚ್ಚಿದ್ರಿ. ತುಂಬ ದಣಿದಿದ್ರಿ ಮೇಡಂ. ಕಸ ತಂದು ಮತ್ತೆ ತೊಂದರೆ ಕೊಡೋದು ಬೇಡ ಅನ್ನಿಸ್ತು. ಹೋಗಿ ಕಸದ ಡ್ರಮ್ಮಿಗೆ ಹಾಕಿಬಿಟ್ಟೆ."

ಅಕ್ಕ ಅವನನ್ನೇ ನೋಡಿದಳು. ಗಂಟು ಮುಖವೆಂದು ನಾವೆಲ್ಲ ನಕ್ಕ ಆ ಮುಖದಲ್ಲಿ ಏನೇನೋ ಹಾದುಹೋಯಿತು. ಆ ಒಂದೂವರೆ ಪುಟದ ಪತ್ರ ಅವಳ ಮೊಣಕೈ ಪಕ್ಕದಲ್ಲೇ ಬಿಚ್ಚಿಕೊಂಡು ಬಿದ್ದಿತ್ತು. ಅವಳು ಅದನ್ನು ನಿಧಾನವಾಗಿ ಎಳೆದು ಬಲಗಡೆಯ ಕಟ್ಟಿನ ಅಡಿಗೆ ಸೇರಿಸಿದಳು.

"ಬಂದಿದ್ರೆ ಬೈದಿರ್ತಿದ್ದೆ," ಅಂದಳು. "ಆಮೇಲೆ ನೋಡಿರ್ತಿದ್ದೆ."

"ನನ್ನ ಹೆಸರೂ ಬರೀರಿ ಮೇಡಂ. ನನ್ನಿಂದ ಯಾರಿಗಾದ್ರೂ ಏನಾದ್ರೂ ಆಯ್ತಾ?"

ಸುಳ್ಳು ಹೇಳುವುದು ನಮ್ಮಕ್ಕನಿಗೆ ಬರುವುದಿಲ್ಲ. ನಾನು ಡಬ್ಬಿಯ ಮುಚ್ಚಳ ಕೈಯಲ್ಲೇ ಹಿಡಿದು ಅವಳ ಕಡೆ ನೋಡಿದೆ. ಅವಳು ಮುಂದಿನ ಕಾಗದ ಎಳೆದುಕೊಂಡು, ಮೊಹರು ಒತ್ತಿ, ಸಹಿ ಹಾಕಿ, ಆಮೇಲೆ ತಲೆಯೆತ್ತಿದಳು.

"ಇಲ್ಲ," ಅಂದಳು. "ಏನೂ ಆಗಿಲ್ಲ."

ಅವನ ಹೆಗಲು ಸಡಿಲವಾಯಿತು. ಆಗ ಕೂತ. ಸ್ವಲ್ಪ ಹೊತ್ತು ಕೂತಿದ್ದು, ಮಗಳ ವಿಷಯ ಒಂದೆರಡು ಮಾತಾಡಿ, ಗೇಟಿಗೆ ಹೊತ್ತಾಯಿತು ಎಂದು ಎದ್ದುಹೋದ. ನಾವಿಬ್ಬರೂ ಈ ಮಾತನ್ನು ಮನೆಯಲ್ಲಿ ಯಾವತ್ತೂ ಎತ್ತಿಲ್ಲ. ಅಕ್ಕ ನಿವೃತ್ತಳಾಗಿ ಎರಡು ವರ್ಷವಾಯಿತು. ಸೌಟಣ್ಣ ಈಗಲೂ ತಿಂಗಳಿಗೊಮ್ಮೆ ಮನೆಗೆ ಬರುತ್ತಾನೆ, ಅವಳು ಅವನಿಗೆ ಚಹಾ ಮಾಡಿಕೊಡುತ್ತಾಳೆ.